ಪದವಿನ ಒಕ್ಕಲು

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿಯ ಸೀಮೆಯಲ್ಲಿ ಒಣನೆಲವನ್ನೇ ಮೆಚ್ಚಿ ಬದುಕುವ ಹಕ್ಕಿಯೊಂದು ಉಂಟೆಂದರೆ ಪರವೂರಿನವರು ನಕ್ಕಾರು. ನಮ್ಮ ಪದವುಗಳನ್ನು ಕಂಡವರು ಮಾತ್ರ ನಗಲಾರರು. ಮುರಕಲ್ಲಿನ ಮೇಲೆ ಮಣ್ಣು ಗೇಣುದ್ದವೂ ಇಲ್ಲ. ಬಿದ್ದ ನೀರು ಇಳಿದುಹೋಗುತ್ತದೆ. ಶಿವರಾತ್ರಿ ಕಳೆಯುವಷ್ಟರಲ್ಲಿ ಹುಲ್ಲೆಲ್ಲ ಒಣಗಿ, ಕೇಪಳದಂಥ ಪೊದೆಗಳಷ್ಟೇ ಹಸುರಾಗಿ ಉಳಿಯುತ್ತವೆ.

ಆ ಪದವಿನ ಒಕ್ಕಲು ಇಂಡಿಯನ್ ರಾಬಿನ್. ಮಡಿವಾಳ ಹಕ್ಕಿಯ ಹತ್ತಿರದ ನೆಂಟ. ಶಾಸ್ತ್ರಜ್ಞರು ಈಗ ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದ್ದಾರೆ. ಗಂಡಿನ ಮೈ ಕಪ್ಪು, ಹೆಗಲಲ್ಲೊಂದು ಬಿಳಿಯ ಮಚ್ಚೆ; ಹೆಣ್ಣು ಮಣ್ಣಿನ ಬಣ್ಣದ್ದು. ಬಾಲವನ್ನು ನೆಟ್ಟಗೆ ಎತ್ತಿದಾಗ ಬುಡದ ಕೆಂಪು ಕಾಣುತ್ತದೆ. ಬಯಲು ನೆಲದಲ್ಲಿ ಕುಪ್ಪಳಿಸುತ್ತ ಇರುವೆ, ಗೆದ್ದಲು, ಜೀರುಂಡೆಗಳನ್ನು ಹೆಕ್ಕುತ್ತದೆ. ಕಲ್ಲಿನ ಸಂದಿಯಲ್ಲಿ ಗೂಡು. ಒಳಗೆ ನಾರು, ಕೂದಲು, ಕೆಲವೊಮ್ಮೆ ಹಾವಿನ ಪೊರೆಯ ಚೂರು. ಕಾವಿಗೆ ಕೂರುವವಳು ಹೆಣ್ಣೊಬ್ಬಳೇ; ಮರಿಗಳಿಗೆ ಉಣಿಸುವಾಗ ಗಂಡೂ ದುಡಿಯುತ್ತದೆ.

ಇಂಥ ನೆಲವನ್ನು ನಾವು ಬೋಳುಗುಡ್ಡೆ ಎಂದೆವು. ಆದರೂ ಅದರಿಂದ ಪಡೆದದ್ದು ಸಣ್ಣದಲ್ಲ. ಕಾರ್ಕಳದ ಬಂಡೆಗುಡ್ಡದ ಮೇಲೆ 1432ರಲ್ಲಿ 42 ಅಡಿಯ ಗೊಮ್ಮಟ ನಿಂತ. ಮಣಿಪಾಲದ ಬರಡು ಗುಡ್ಡದ ಮೇಲೆ 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ವೈದ್ಯಕೀಯ ಕಾಲೇಜು ತೆರೆದರು. ಹಾಗೆ ಉಳಿದ ಪದವಿಗೆ ಈಗ ಒದಗುವುದು ಕಲ್ಲಿನ ಕೋರೆ, ಇಲ್ಲವೆ ಅಕೇಶಿಯಾ ತೋಪು. ಎರಡನೆಯದಕ್ಕೆ ಹಸುರೀಕರಣವೆಂಬ ಒಳ್ಳೆಯ ಹೆಸರೂ ಉಂಟು. ಆದರೆ ಬಿಸಿಲಿಗೆ ತೆರೆದ ನೆಲ ಬೇಕಾದ ಹಕ್ಕಿಗೆ ತೋಪಿನ ನೆರಳೂ ಒಂದೇ, ಕೋರೆಯ ಹೊಂಡವೂ ಒಂದೇ.

ಹಿರಿಯರಿಂದ ಬಂದ ಎರಡೆಕ್ರೆ ಪದವು ನಮಗೂ ಉಂಟು. ಕೋರೆಗೆ ಕೇಳಿಕೊಂಡು ಬಂದವರು ಹೇಳಿದ ಹಣದಲ್ಲಿ ತಮ್ಮನ ಸಾಲ ಪೂರ್ತಿ ತೀರುತ್ತಿತ್ತು. “ಅಣ್ಣಾ, ಹಕ್ಕಿಗೆ ಬೇರೆ ಗುಡ್ಡೆ ಇಲ್ವಾ?” ಎಂದ ಅವನು. ಅವನನ್ನು ಹೇಗೆ ದೂರಲಿ? ಹಕ್ಕಿಯ ಹಾಡು ಬ್ಯಾಂಕಿನ ಬಡ್ಡಿ ಕಟ್ಟುವುದಿಲ್ಲ. ಆದರೆ ನಾವು ತೋರಿಸುವ ಆ ಬೇರೆ ಗುಡ್ಡೆಯವರು ನಮ್ಮ ಗುಡ್ಡೆಯನ್ನು ತೋರಿಸುತ್ತಾರಲ್ಲ! ಕೊನೆಗೆ ಮನೆಯ ಬಳಿಯ ಅಡಕೆತೋಟದ ಒಂದು ತುಂಡು ಮಾರಿ ಅರ್ಧ ಸಾಲ ತೀರಿಸಿದೆವು. ಉಳಿದರ್ಧದ ಕಂತು ಬಂದಾಗಲೆಲ್ಲ ತಮ್ಮ ಮಾತಾಡದೆ ನನ್ನ ಮುಖ ನೋಡುತ್ತಾನೆ.

1974ರ ಭೂಸುಧಾರಣೆಯ ಕಾನೂನು ಬಂದಾಗ ನಮ್ಮ ಜಿಲ್ಲೆಯ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ತಾವು ಉಳುವ ನೆಲವನ್ನು ತಮ್ಮದಾಗಿಸಿಕೊಂಡರು. ಈ ಒಕ್ಕಲಿಗೆ ಅರ್ಜಿ ಬರೆಯಲು ಬಾರದು. ಅದರ ಪರವಾಗಿ ಯಾರಾದರೂ ಸ್ವಲ್ಪ ನಷ್ಟಕ್ಕೆ ಸಹಿ ಹಾಕಬೇಕಾಗುತ್ತದೆ, ಅಷ್ಟೆ.