ಪೂಂಬಾರೈಯ ಬೆಳ್ಳುಳ್ಳಿ ಕಟ್ಟು

ಪಳನಿಯಲ್ಲಿ ಮುರುಗನ ದರ್ಶನ ಮುಗಿಸಿದ ಯಾತ್ರಿಕರಲ್ಲಿ ಹಲವರು ಘಾಟಿ ಹತ್ತಿ ಕೊಡೈಕೆನಾಲಿಗೆ ಹೋಗುತ್ತಾರೆ. ಕೆರೆಯ ದಂಡೆಯಲ್ಲಿ ಅಡ್ಡಾಡಿ ಮರಳುತ್ತಾರೆ. ಪೇಟೆಯಿಂದ ಪಶ್ಚಿಮಕ್ಕೆ ಇನ್ನೂ ಸುಮಾರು 20 ಕಿಲೋಮೀಟರ್ ಮುಂದುವರಿದರೆ ರಸ್ತೆಯ ತಿರುವೊಂದರಲ್ಲಿ ಪೂಂಬಾರೈ ಇಡಿಯಾಗಿ ಕಣ್ಣಿಗೆ ಬೀಳುತ್ತದೆ: ಒತ್ತೊತ್ತಾದ ಮನೆಗಳು, ಕುಳಂದೈ ವೇಲಪ್ಪರ್ ದೇವಾಲಯ, ಸುತ್ತಲೂ ಬೆಟ್ಟದ ಮೈಯಲ್ಲಿ ಮೆಟ್ಟಿಲುಗಳಂತೆ ಇಳಿಯುವ ಹೊಲಗಳು. ಅಲ್ಲಿ ಕ್ಯಾರೆಟ್, ಆಲೂಗಡ್ಡೆಗಳೂ ಬೆಳೆಯುತ್ತವೆ. ಆದರೆ ಈ ಊರಿನ ಹೆಸರನ್ನು ಹೊರಗೆ ಒಯ್ದದ್ದು ತಮಿಳರು ಮಲೈಪ್ಪೂಂಡು ಎನ್ನುವ ಬೆಟ್ಟದ ಬೆಳ್ಳುಳ್ಳಿ.

ಬಯಲು ಸೀಮೆಯ ಅಂಗಡಿಗಳಲ್ಲಿ ಬೆಳ್ಳುಳ್ಳಿ ದೊರೆಯುವುದು ಕತ್ತು ಕತ್ತರಿಸಿದ ಬಿಡಿ ಗಡ್ಡೆಗಳಾಗಿ. ಇಲ್ಲಿ ಗಿಡವನ್ನು ಗರಿಸಮೇತ ಕಿತ್ತು, ಒಣಗಿಸಿ, ಗರಿಗಳನ್ನು ಕೂಡಿಸಿ ಕಟ್ಟುತ್ತಾರೆ. ಆ ಕಟ್ಟು ಮನೆಯೊಳಗೆ ಒಲೆಯ ಮೇಲಿನ ತೊಲೆಯನ್ನು ಸೇರುತ್ತದೆ. ಗರಿ ನಿಧಾನವಾಗಿ ಒಣಗಿದಂತೆ ಗಡ್ಡೆಯ ಕತ್ತು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಬೂಷ್ಟಿಗೆ ಒಳದಾರಿ ಸಿಗುವುದಿಲ್ಲ. ಹೊಗೆ ಹೊರಸಿಪ್ಪೆಯ ತೇವವನ್ನು ಹೀರಿ ಹುಳುವನ್ನು ದೂರವಿಡುತ್ತದೆ. ಹೀಗೆ ಕಾಪಾಡಿದ ಗಡ್ಡೆ ವರ್ಷದವರೆಗೂ ಕೆಡದೆ ಉಳಿಯುವುದೆಂಬುದೇ ಇದರ ಖ್ಯಾತಿ. ಕೊಳ್ಳುವವರು ಬಣ್ಣ ನೋಡಿ ಮೋಸಹೋಗುವುದಕ್ಕಿಂತ ಕತ್ತನ್ನು ಹಿಚುಕಿ ನೋಡುವುದು ಮೇಲು. ಕತ್ತು ಮೆತ್ತಗಿದ್ದರೆ ಅದು ಇನ್ನೂ ಒಣಗಿಲ್ಲ.

ಕೊಡೈಕೆನಾಲ್ ಮಲೈಪ್ಪೂಂಡಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 1999ರ ಕಾಯಿದೆಯಂತೆ ಈ ನೋಂದಣಿಗೆ 10 ವರ್ಷಗಳ ಅವಧಿ, ಮತ್ತೆ ನವೀಕರಿಸಬಹುದು. ಬೆಳೆಗಾರನು ಅಧಿಕೃತ ಬಳಕೆದಾರನಾಗಿ ಪ್ರತ್ಯೇಕವಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಕಾಯಿದೆಯ 24ನೆಯ ಕಲಮು ಇನ್ನೂ ಸ್ವಾರಸ್ಯಕರವಾದುದು: ಈ ಹಕ್ಕನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಹಕ್ಕುದಾರ ತೀರಿಕೊಂಡರೆ ಅದು ವಾರಸುದಾರರಿಗೆ ಸಲ್ಲುತ್ತದೆ. ಹೆಸರಿಗೆ ಇಷ್ಟು ಭದ್ರವಾದ ಬೇಲಿ ಇದೆ. ಬೀಜಕ್ಕೆ ಅಂತಹ ಬೇಲಿ ಇಲ್ಲ.

ಬೆಳ್ಳುಳ್ಳಿಯನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ, ಎಸಳನ್ನೇ ಊರುತ್ತಾರೆ. ಒಂದು ಗಡ್ಡೆಯಲ್ಲಿ ಹತ್ತು ಎಸಳುಗಳಿದ್ದರೆ, ಆ ಗಡ್ಡೆಯನ್ನು ತಿಂದವನು ಮುಂದಿನ ಬೆಳೆಯ ಹತ್ತು ಗಿಡಗಳನ್ನು ತಿಂದಂತೆ. ಆದುದರಿಂದ ದಪ್ಪವಾದ, ನಿರ್ದೋಷವಾದ ಗಡ್ಡೆಗಳು ಬಿತ್ತನೆಗೆ ಮೀಸಲು. ಕೈ ಬರಿದಾದ ಕಾಲದಲ್ಲಿ ಅವನ್ನೂ ಮಾರಿಬಿಟ್ಟರೆ ಮರುವರ್ಷ ಹೊರಗಿನ ಬೀಜವೇ ಗತಿ. ಆಗ ಹೊಲ ಪೂಂಬಾರೈಯದು, ಬೆಳ್ಳುಳ್ಳಿ ಇನ್ನೆಲ್ಲಿಯದೋ.

ತಾಳವಾಡಿಯ ಶಿಕ್ಷಕರೊಬ್ಬರು ಏಳನೆಯ ತರಗತಿಯ ಮಗಳೊಡನೆ ಇಲ್ಲಿನ ಸಣ್ಣ ಹಿಡುವಳಿಯ ವೃದ್ಧೆಯೊಬ್ಬಳ ಮನೆಗೆ ಹೋದಾಗ ಎಲ್ಲ ಪ್ರವಾಸಿಗರಂತೆ ಅವರ ಕಣ್ಣೂ ಮೊದಲು ಬಿದ್ದದ್ದು ಒಲೆಯ ಮೇಲಿನ ಕಟ್ಟಿನ ಮೇಲೆ.

“ಅದು ಬಿತ್ತನೆಯದು, ತಂಬಿ. ಕೆಳಗಿನದನ್ನು ತೆಗೆದುಕೊಳ್ಳಿ.”

“ದುಡ್ಡು ಹೆಚ್ಚು ಕೊಡುತ್ತೇನಮ್ಮಾ.”

ವೃದ್ಧೆ ಸೊಸೆಯ ಮುಖ ನೋಡಿದಳು. ಸೊಸೆ ಕೊಟ್ಟುಬಿಡೋಣವೆಂಬಂತೆ ತಲೆಯಾಡಿಸಿದಳು. ಮನೆಯಲ್ಲಿ ದುಡ್ಡಿನ ಅಗತ್ಯವಿದ್ದದ್ದು ಆ ನೋಟದಲ್ಲೇ ಗೊತ್ತಾಗುತ್ತಿತ್ತು. ಮುದುಕಿ ಬಹಳ ಹೊತ್ತು ಮಾತನಾಡಲಿಲ್ಲ.

“ಇದನ್ನು ಕೊಟ್ಟರೆ ಹೊಲಕ್ಕೆ ಏನನ್ನು ಊರಲಿ?”

ಮಗಳು ಅಪ್ಪನ ಅಂಗಿಯ ತೋಳು ಜಗ್ಗಿದಳು. “ಬೇಡಪ್ಪಾ, ಅಜ್ಜಿಗೆ ಅದು ಬೇಕಂತೆ.”

ಶಿಕ್ಷಕರು ಕೆಳಗಿನ ಕಟ್ಟನ್ನೇ ಕೊಂಡರು, ಎರಡು ಕಿಲೋ, ಚೌಕಾಸಿಯಿಲ್ಲದೆ. ಗಡ್ಡೆಗಳು ತುಸು ಸಣ್ಣವು; ಘಾಟಿನಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಸೊಸೆ ಗರಿಗಳನ್ನು ಮೂರು ಪಾಲು ಮಾಡಿ ಜಡೆ ಹೆಣೆದು, ತುದಿಗೆ ನಾರು ಬಿಗಿದು ಹುಡುಗಿಯ ಕೈಗಿತ್ತಳು. ಗರಿ ಕತ್ತರಿಸಬಾರದು, ಗಾಳಿಯಾಡುವ ಕಡೆ ತೂಗುಹಾಕಬೇಕು, ಪ್ಲಾಸ್ಟಿಕ್ ಚೀಲದಲ್ಲಿಡಬಾರದು. ಫ್ರಿಜ್ಜಿನಲ್ಲಂತೂ ಬೇಡ, ಆ ತಂಪಿಗೆ ಮೊಳಕೆ ಬೇಗ ಬರುತ್ತದೆ. ಬೇಕಾದಾಗ ಕೆಳತುದಿಯಿಂದ ಒಂದೊಂದೇ ಗಡ್ಡೆ ಕಿತ್ತುಕೊಳ್ಳಬೇಕು.

ಘಾಟಿ ಇಳಿಯುವಷ್ಟು ದೂರವೂ ಹುಡುಗಿ ಆ ಜಡೆಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಬಸ್ಸಿನ ತುಂಬ ಹೊಗೆಯ ವಾಸನೆ. ಮುಂದಿನ ಆಸನದವರು ಎರಡು ಬಾರಿ ತಿರುಗಿ ನೋಡಿದರು.