ಎಲೆಯ ಬಣ್ಣವೂ ಬಾಯಿಯ ಬಣ್ಣವೂ

ಆಶ್ವಯುಜದ ದಿನಗಳಲ್ಲಿ ಹುಣಸೂರು, ಪಿರಿಯಾಪಟ್ಟಣಗಳ ಕಡೆಗೆ ಹೊರಟವರನ್ನು ಊರಿಗಿಂತ ಮೊದಲು ಹೊಗೆಸೊಪ್ಪಿನ ವಾಸನೆಯೇ ಎದುರುಗೊಳ್ಳುವುದು. ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಮಳೆಯಾಸರೆಯ ಹೊಲಗಳ ನಡುವೆಯೂ ಹೀಗೆಯೇ. ಮುಂಗಾರಿನಲ್ಲಿ ನೆಟ್ಟ ಗಿಡದಿಂದ ಸೊಪ್ಪನ್ನು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ತೂಗುಹಾಕಿ, ಸೌದೆಯ ಕಾವಿನಿಂದ ಐದಾರು ದಿನ ಹದಮಾಡಿದರೆ ಹಸುರೆಲೆಯು ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಬಳಿಕ ಮನೆಯ ಹೆಂಗಸರು ಬಾಗಿಲ ಬೆಳಕಿಗೆ ಕುಳಿತು ಒಂದೊಂದೆಲೆಯನ್ನೂ ಬಿಡಿಸಿ ನೋಡುವರು. ನಿಂಬೆಯ ಹಳದಿ ಒಂದು ಕಡೆ, ಕಿತ್ತಳೆಯ ಛಾಯೆ ಇನ್ನೊಂದು ಕಡೆ, ಕಲೆ ಬಿದ್ದುದು ಮತ್ತೊಂದು ಕಡೆ. ಕಾಳಿನಷ್ಟು ಚುಕ್ಕೆಯೂ ಅವರ ಕಣ್ಣಿಗೆ ತಪ್ಪದು. ಹರಾಜುಕಟ್ಟೆಯಲ್ಲಿ ಬೆಲೆಯನ್ನು ಇಳಿಸುವುದು ಆ ಚುಕ್ಕೆಯೇ ಎಂಬುದನ್ನು ಅವರು ಬಲ್ಲರು.

ಇಷ್ಟು ಸೂಕ್ಷ್ಮದೃಷ್ಟಿಯುಳ್ಳ ಮನೆಗಳಲ್ಲಿ ಯಾರೂ ನೋಡದೆ ಬಿಡುವ ಸ್ಥಳವೊಂದುಂಟು. ಅದು ಮನೆಯವರ ಬಾಯಿ.

ಪಿರಿಯಾಪಟ್ಟಣದ ಕಡೆಯ ಅಂಥದೊಂದು ಮನೆಯಲ್ಲಿ ಎಪ್ಪತ್ತರ ಸಮೀಪದ ಅಜ್ಜಿಯೊಬ್ಬಳು. ನಲವತ್ತು ವರ್ಷಗಳಿಂದ ಎಲೆ, ಅಡಿಕೆ, ಸುಣ್ಣಗಳೊಡನೆ ಚಿಟಿಕೆ ಕಡ್ಡಿಪುಡಿಯನ್ನು ಸೇರಿಸಿ ಎಡಗೆನ್ನೆಯ ಒಳಗೆ ಒತ್ತರಿಸಿಕೊಳ್ಳುವುದು ಅವಳ ರೂಢಿ. ಮೈಸೂರಿನಲ್ಲಿ ದಾದಿಯರ ಶಿಕ್ಷಣವನ್ನು ಪಡೆಯುತ್ತಿದ್ದ ಮೊಮ್ಮಗಳು ದಸರೆಯ ರಜಕ್ಕೆ ಬಂದವಳು, ಅಜ್ಜಿ ಆಕಳಿಸಿದಾಗ, ತಾಂಬೂಲವನ್ನು ಇಡುವ ಆ ಮೂಲೆಯಲ್ಲಿಯೇ ಬಿಳಿಯ ಮಚ್ಚೆಯೊಂದನ್ನು ಕಂಡಳು. ಒರೆಸಿದರೆ ಅದು ಹೋಗಲಿಲ್ಲ. ವೈದ್ಯರಿಗೆ ತೋರಿಸೋಣವೆಂದುದಕ್ಕೆ ಅಜ್ಜಿಯು, "ನೋಯಾಕಿಲ್ಲ, ಉರಿಯಾಕಿಲ್ಲ, ಸುಮ್ಕೆ ಆಸ್ಪತ್ರೆ ಯಾಕವ್ವ?" ಎಂದಳು.

ಎಷ್ಟೋ ಮನೆಗಳಲ್ಲಿ ಸಂಗತಿಯು ಈ ಒಂದು ಮಾತಿನಲ್ಲಿಯೇ ಮುಗಿದುಹೋಗುತ್ತದೆ. ನೋವು ಕಾಣಿಸಿಕೊಂಡ ಮೇಲೆಯೇ ರೋಗವೆಂದು ಜನರು ತಿಳಿದಿರುವರು. ಬಾಯಿಯ ಕ್ಯಾನ್ಸರು ಮಾತ್ರ ಬಹುಮಟ್ಟಿಗೆ ನೋವಿಲ್ಲದೆಯೇ ಆರಂಭವಾಗುವುದು. ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಬಾಯಿ ತೆರೆಯುವಾಗ ಬಿಗಿತ, ಇವೇ ಅದರ ಮುನ್ಸೂಚನೆಗಳು. ಎಲ್ಲ ಮಚ್ಚೆಯೂ ಕ್ಯಾನ್ಸರಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ಬರಿಗಣ್ಣು ತೀರ್ಮಾನಿಸಲಾರದು.

ಹೊಗೆಸೊಪ್ಪನ್ನು ಬಿಡಗೊಡದಂತೆ ಹಿಡಿದಿಡುವುದು ನಿಕೊಟಿನ್. ಕೇಡನ್ನು ಮಾಡುವವರು ಬಹುಪಾಲು ಅದರ ನೆಂಟರು: ಎಲೆಯು ಒಣಗಿ ಹದವಾಗುವಾಗ, ಹುದುಗುವಾಗ ಹುಟ್ಟುವ ನೈಟ್ರೊಸಮೈನುಗಳು. ಇವು ಜೀವಕೋಶದ ಒಳಹೊಕ್ಕು, ಅದರ ಬೆಳವಣಿಗೆಯ ಕಟ್ಟಳೆಗಳನ್ನು ಬರೆದಿಟ್ಟಿರುವ ಡಿ.ಎನ್.ಎ.ಗೆ ಅಂಟಿಕೊಳ್ಳುವುವು. ಬರಹವು ಕೆಟ್ಟ ಕೋಶವು ನಿಲ್ಲಬೇಕಾದಲ್ಲಿ ನಿಲ್ಲದೆ, ಸಾಯಬೇಕಾದಾಗ ಸಾಯದೆ ಒಂದೇ ಸಮನೆ ಒಡೆದು ಹೆಚ್ಚುತ್ತದೆ. ಹೊಗೆಸೊಪ್ಪು ಸೇರಿದ ತಾಂಬೂಲವು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿಯೇ ಹೇಳಿತು. 2004ರಲ್ಲಿ ಪ್ರಕಟವಾದ ಅದರ ಸಂಪುಟವು ಅಡಿಕೆಯೊಂದೇ ಆದರೂ ಕಾರಣವಾಗಬಲ್ಲದೆಂದು ತೀರ್ಮಾನಿಸಿತು. ಹೊಗೆಸೊಪ್ಪಿಲ್ಲದ ಅಡಿಕೆ ನಿರಪಾಯವೆಂಬ ಸಮಾಧಾನವೂ ಹೀಗೆ ಉಳಿಯಲಿಲ್ಲ.

1953ರಲ್ಲಿ ಅಮೆರಿಕೆಯ ವೈದ್ಯ ಸ್ಲಾಟರ್ ಮತ್ತು ಅವರ ಸಹೋದ್ಯೋಗಿಗಳು ಬಾಯಿಯ ಕ್ಯಾನ್ಸರನ್ನು ಪರೀಕ್ಷಿಸುತ್ತ, ಗಂತಿಯ ಸುತ್ತಲೂ ಆರೋಗ್ಯವಾಗಿ ತೋರುವ ಪೊರೆಯಲ್ಲಿಯೂ ಕೆಟ್ಟ ಕೋಶಗಳಿರುವುದನ್ನು ಕಂಡರು. ಈ ಸ್ಥಿತಿಗೆ ಅವರಿಟ್ಟ ಹೆಸರಿನಲ್ಲಿ 'ಹೊಲ' ಎಂಬ ಅರ್ಥದ ಮಾತೇ ಇರುವುದು. ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಗ ತಗುಲಿದ ಒಂದು ಗಿಡವನ್ನು ಕಿತ್ತೊಡನೆ ಅವನು ಮನೆಗೆ ಹಿಂದಿರುಗುವುದಿಲ್ಲ. ಸಾಲುಸಾಲನ್ನೂ ನೋಡುತ್ತಾನೆ, ಮಾರನೆಯ ವಾರ ಮತ್ತೆ ಬಂದು ನೋಡುತ್ತಾನೆ.

ನಿರ್ಣಯಕ್ಕೆ ಇರುವ ಮುಖ್ಯವಾದ ದಾರಿ, ಮಚ್ಚೆಯ ಚಿಕ್ಕ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. 'ಕತ್ತರಿ ತಾಗಿದರೆ ರೋಗ ಹರಡುವುದು' ಎಂಬ ಭಯವು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಸಮನಾಗಿದೆ. ಈ ಭಯದಿಂದ ಕಳೆದುಹೋಗುವ ತಿಂಗಳುಗಳೇ ನಿಜವಾದ ಅಪಾಯ. ನೋಡುವುದರಿಂದಲೇ ಪ್ರಾಣವು ಉಳಿಯಬಹುದೆಂಬುದಕ್ಕೆ ನೆರೆಯ ಕೇರಳದಲ್ಲಿ ಸಾಕ್ಷ್ಯವಿದೆ. ತಿರುವನಂತಪುರದ ಸೀಮೆಯಲ್ಲಿ 1996ರಲ್ಲಿ ಆರಂಭವಾದ ಪರೀಕ್ಷೆಯಲ್ಲಿ 35 ವರ್ಷ ದಾಟಿದ ಸುಮಾರು 1,90,000 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿನವರ ಬಾಯಿಯನ್ನು ಶಿಕ್ಷಣ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ನೋಡಿದರು. ಅವರು ವೈದ್ಯರಲ್ಲ; ಕಣ್ಣು ಮತ್ತು ಬೆಳಕು ಅವರ ಮುಖ್ಯ ಸಾಧನಗಳು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಈ ರೋಗದ ಸಾವು ನೂರಕ್ಕೆ 34ರಷ್ಟು ಕಡಮೆಯಾಯಿತೆಂದು 2005ರಲ್ಲಿ ಪ್ರಕಟವಾಯಿತು.

ತಡವಾದರೆ ರೋಗವು ಕತ್ತಿನ ಗ್ರಂಥಿಗಳಿಗೆ ಇಳಿಯುವುದು. ಕೈಗೆ ಗಂಟು ಸಿಗದಿದ್ದರೂ ಅದು ಅಲ್ಲಿ ಅಡಗಿರಬಹುದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ, ಬಾಯಿಯ ಗಂತಿಯು ಚಿಕ್ಕದಿರುವಾಗಲೇ ಅದರೊಡನೆ ಕತ್ತಿನ ಗ್ರಂಥಿಗಳನ್ನೂ ತೆಗೆದವರಲ್ಲಿ ಮೂರು ವರ್ಷಗಳ ಮೇಲೆ ನೂರಕ್ಕೆ 80 ಮಂದಿ ಬದುಕಿದ್ದರು. ಗಂಟು ಕಾಣಿಸಿಕೊಂಡ ಮೇಲೆ ತೆಗೆದವರಲ್ಲಿ ಬದುಕಿದ್ದವರು ನೂರಕ್ಕೆ 67.5.

ಚಿಕಿತ್ಸೆಯೂ ಒಂದು ಬೆಂಕಿಯೇ; ಬ್ಯಾರನ್ನಿನ ಕಾವಿನಂತೆ ಅದನ್ನು ಅಳತೆಯಲ್ಲಿಡಬೇಕು. ಕಿರಣಗಳು ಗಂತಿಯೊಡನೆ ಜೊಲ್ಲಿನ ಗ್ರಂಥಿಗಳನ್ನೂ ಸುಡಬಲ್ಲವು. ಬಾಯಿ ಒಣಗಿದರೆ ಅನ್ನವು ಇಳಿಯದು, ಹಲ್ಲು ಹುಳಿಯುವುದು. ಕಿರಣ ತಾಗಿದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯವು ಮಾಯದೆ ಎಲುಬು ಸಾಯುವುದೂ ಉಂಟು. ಆದುದರಿಂದಲೇ ಕಿರಣಕ್ಕೆ ಮೊದಲು ದಂತವೈದ್ಯರನ್ನು ಕಾಣತಕ್ಕದ್ದು. ಗ್ರಂಥಿಗಳನ್ನು ಆದಷ್ಟು ತಪ್ಪಿಸಿ ಕಿರಣವನ್ನು ಹಾಯಿಸುವ ಹೊಸ ಕ್ರಮವನ್ನು ಬ್ರಿಟನ್ನಿನಲ್ಲಿ ಗಂಟಲಿನ ಕ್ಯಾನ್ಸರಿನವರಲ್ಲಿ ಪರೀಕ್ಷಿಸಿ 2011ರಲ್ಲಿ ಫಲವನ್ನು ಪ್ರಕಟಿಸಿದರು. ಒಂದು ವರ್ಷದ ಮೇಲೆ ಬಾಯಿ ಬಹಳವಾಗಿ ಒಣಗಿದ ಕಷ್ಟವು ಹಳೆಯ ಕ್ರಮದಲ್ಲಿ ನೂರಕ್ಕೆ 74 ಮಂದಿಗೆ, ಹೊಸದರಲ್ಲಿ 38 ಮಂದಿಗೆ ಇತ್ತು. ರೋಗವು ಚಿಕ್ಕದಿರುವಾಗ ಎಷ್ಟೋ ಮಂದಿಗೆ ಕಿರಣದ ಅಗತ್ಯವೇ ಬೀಳದೆಂಬುದು ಇವೆಲ್ಲಕ್ಕಿಂತ ದೊಡ್ಡ ಸಮಾಧಾನ.

ಇದನ್ನು ಓದಿ ಬೆಳೆಗಾರನನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ತಂಬಾಕು ಮಂಡಳಿಯು 1976ರಲ್ಲಿ ಸ್ಥಾಪಿತವಾದಂದಿನಿಂದ ಈ ಬೆಳೆಯು ಸರ್ಕಾರದ ಪರವಾನಗಿಯಲ್ಲಿಯೇ ನಡೆದುಬಂದಿದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟೋ ಮಕ್ಕಳ ಓದು, ಎಷ್ಟೋ ಹೆಣ್ಣುಮಕ್ಕಳ ಮದುವೆ ಇದರ ಹಣದಿಂದಲೇ ಆಗಿದೆ. ಆ ಮೊಮ್ಮಗಳ ಓದೂ ಆದುದು ಹಾಗೆಯೇ. ಹೊಲದಲ್ಲಿ ಬೆಳೆದ ಹೊನ್ನಿನ ಬಣ್ಣದ ವರ್ಜೀನಿಯ ಎಲೆಯು ಸಿಗರೇಟಿಗೆಂದು ದೂರದ ದೇಶಗಳಿಗೂ ಹೋಗುವುದು; ಅಗಿಯುವ ಕಡ್ಡಿಪುಡಿಯು ಅಂಗಡಿಯಿಂದ ಮನೆಯೊಳಕ್ಕೆ ಬರುವುದು. ಬೆಳೆಯ ಪ್ರಶ್ನೆ ಸರ್ಕಾರದ್ದೂ ಹೌದು, ಕಾಲದ್ದೂ ಹೌದು. ಬಾಯಿಯ ಪ್ರಶ್ನೆ ಇಂದಿನದು, ಮನೆಯದು.

ಮೊಮ್ಮಗಳು ಬಿಡಲಿಲ್ಲ. ಚೂರನ್ನು ತೆಗೆದು ನೋಡಿದಾಗ, ಅದು ಇನ್ನೂ ಕ್ಯಾನ್ಸರಲ್ಲ, ಆದರೆ ಕೋಶಗಳು ಆ ಹಾದಿಯನ್ನು ಹಿಡಿದಿವೆ ಎಂಬ ವರದಿ ಬಂದಿತು. ಮಚ್ಚೆಯನ್ನು ತೆಗೆದರು. ಕಡ್ಡಿಪುಡಿಯನ್ನು ಬಿಡುವುದು ಅಜ್ಜಿಗೆ ಕತ್ತರಿಗಿಂತ ಕಷ್ಟವಾಯಿತು; ಎರಡು ಸಲ ಸೋತು, ಮೂರನೆಯ ಸಲ ಗೆದ್ದಳು. ಹೊಲ ಹಾಗೆಯೇ ಇರುವುದರಿಂದ, ಕೆಲವು ತಿಂಗಳಿಗೊಮ್ಮೆ ಹೋಗಿ ತೋರಿಸಿಕೊಂಡು ಬರುವಳು.

ಮರುವರ್ಷ ವಿಂಗಡಣೆಯ ಕಾಲಕ್ಕೆ ಅವಳು ಎಂದಿನಂತೆ ಬಾಗಿಲಲ್ಲಿ ಕುಳಿತಳು. ಕೆಲಸಕ್ಕೆ ಬಂದ ಹೆಂಗಸರು ಸೆರಗಿನ ಗಂಟನ್ನು ಬಿಚ್ಚಿ ಎಲೆಯಡಿಕೆಗೆ ಕೈಹಾಕಿದಾಗ, ಅವಳು ಕೈಯಲ್ಲಿದ್ದ ಹೊಗೆಸೊಪ್ಪನ್ನು ಕೆಳಗಿಟ್ಟು ಹೇಳಿದಳು: "ಒಂದ್ಗಳಿಗೆ ತಡೀರವ್ವ. ಮೊದ್ಲು ಬಾಯಿ ತೆಗೀರಿ, ಬೆಳಕು ಚೆಂದಾಗೈತೆ."