ತೊಟ್ಲಕೊಂಡದ ನೀರಿನ ತೊಟ್ಟಿಗಳು



ಮಕ್ಕಳಿಗೆ ಸಮುದ್ರ ತೋರಿಸ್ಬೇಕು ಅಂತ ಕೊಡಿಗೇನಹಳ್ಳಿಯಿಂದ ಹೊರಟು, ಹಿಂದೂಪುರದಲ್ಲಿ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋಗಿದ್ವಿ. ಅವ್ವನೂ ಜೊತೆಗಿದ್ಲು. ಊರಿಂದ ಭೀಮಿಲಿ ರಸ್ತೆಯಲ್ಲಿ ಸುಮಾರು 15 ಕಿಲೋಮೀಟರ್ ಹೋದರೆ ತೊಟ್ಲಕೊಂಡ. ಬೆಟ್ಟದ ಮೇಲೆ ಬೌದ್ಧ ವಿಹಾರದ ಅವಶೇಷ, ಕೆಳಗೆ ಕಣ್ಣು ಹಾಯುವಷ್ಟು ದೂರ ನೀಲಿ ಕಡಲು.

ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿ ಭಿಕ್ಕುಗಳಿದ್ದರು. 1988ರಲ್ಲಿ ಶುರುವಾದ ಉತ್ಖನನದಲ್ಲಿ ಸ್ತೂಪ, ಚೈತ್ಯ, ಭಿಕ್ಕುಗಳ ಕೋಣೆ, ಊಟದ ಮನೆ, ಶಾತವಾಹನರ ನಾಣ್ಯ ಸಿಕ್ಕವು. ರೋಮನ್ನರ ಬೆಳ್ಳಿ ನಾಣ್ಯವೂ ಸಿಕ್ಕಿತು. ಮೆಡಿಟರೇನಿಯನ್ ತೀರದ ದುಡ್ಡು ಈ ಬೆಟ್ಟದವರೆಗೂ ಬಂದಿತ್ತು!

ಅವ್ವನ ಕಣ್ಣು ಮಾತ್ರ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳ ಮೇಲೆ. ಬೆಟ್ಟಕ್ಕೆ ಹೆಸರು ಬಂದಿದ್ದೇ ಅವುಗಳಿಂದ. "ಇಲ್ಲಿ ನಮ್ಮೋರ್ನ ನೀರು ಮುಟ್ಟಾಕೆ ಬಿಡ್ತಿದ್ರೇನ್ಲಾ?" ಅಂದ್ಲು. ಬಿಂದಿಗೆ ಹಿಡ್ಕಂಡು, ಯಾರಾದ್ರೂ ಸೇದಿ ಹುಯ್ಯಲಿ ಅಂತ ಮೇಲ್ಕೇರಿ ಬಾವಿ ಹತ್ರ ಕಾಯ್ತಾ ನಿಂತವಳು ಅವಳು.

ಚಂಡಾಲ ಹುಡುಗಿಯ ಕೈಯಿಂದ ಆನಂದ ಭಿಕ್ಕು ನೀರು ಕೇಳಿ ಕುಡಿದ ಕಥೆ ಹೇಳಿದೆ. ಕಸ ಗುಡಿಸುವ ಸುನೀತನನ್ನ ಬುದ್ಧ ಸಂಘಕ್ಕೆ ಸೇರಿಸ್ಕೊಂಡಿದ್ದೂ ಹೇಳಿದೆ.

"ಮತ್ತೆ 1927ರಲ್ಲಿ ಬಾಬಾಸಾಹೇಬ್ರು ಮಹಾಡ್ ಕೆರೆ ನೀರಿಗೆ ಯಾಕೆ ಹೋರಾಡಬೇಕಾಯ್ತು?" ಅಂತ ಮಗಳು ಕೇಳಿದ್ಲು.

ಈ ಎರಡರ ನಡುವೆ ನಮ್ಮಿಂದ ನೀರು ಕಿತ್ಕೊಂಡಿದ್ದು ಯಾರು, ಹೆಂಗೆ? ಅದನ್ನ ಕೇಳೋ ಮಕ್ಕಳು ನಮಗೆ ಬೇಕು. ಸಾಲ ಮಾಡಿಯಾದ್ರೂ ಜಾತ್ರೆಗೆ ಹೋಗ್ತೀವಲ್ಲ, ಒಂದು ಸಲ ಇಂಥ ಜಾಗಕ್ಕೂ ಅವರನ್ನ ಕರ್ಕೊಂಡು ಹೋಗಿ.

ಜೈಭೀಮ್.